ಪೋಕರ್ ರೂಮಿಗೆ ಹಣ ಹಾಕುವ ಮುನ್ನ ನಾನು ನೋಡುವುದು

ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ಚಿಕ್ಕ ಬಾಜಿಯ ಆನ್‌ಲೈನ್ ಪೋಕರ್ ಆಡುತ್ತಾ ಬಂದಿದ್ದೇನೆ. ಹೊಸ ರೂಮಿನ, ಅಂದರೆ ಪೋಕರ್ ಆಡಿಸುವ ತಾಣದ, ಹೆಸರು ಕಿವಿಗೆ ಬಿದ್ದರೆ ಗೆಳೆಯರು ಮೊದಲು ಕೇಳುವುದು ಬೋನಸ್ ಎಷ್ಟು ಎಂದು. ನಾನು ಅದನ್ನು ಕಟ್ಟಕಡೆಗೆ ನೋಡುತ್ತೇನೆ. ಹಾಕಿದ ಹಣ ಎಲ್ಲಿರುತ್ತದೆ, ಬೇಕೆಂದಾಗ ಕೈಗೆ ಬರುತ್ತದೆಯೇ ಎಂಬುದು ಗೊತ್ತಾಗದೆ ಉಳಿದ ಯಾವ ಲೆಕ್ಕವೂ ನನಗೆ ಬೇಡ.

ಈ ಹಟಕ್ಕೆ ಕಾರಣ ಫುಲ್ ಟಿಲ್ಟ್ ಪೋಕರ್. 2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯ ಇಲಾಖೆ ದೊಡ್ಡ ಪೋಕರ್ ತಾಣಗಳ ಮೇಲೆ ಕ್ರಮ ಕೈಗೊಂಡಾಗ ಪೋಕರ್‌ಸ್ಟಾರ್ಸ್ ಅಲ್ಲಿನ ಆಟಗಾರರ ಹಣವನ್ನು ಬೇಗನೆ ಹಿಂದಿರುಗಿಸಿತು. ಫುಲ್ ಟಿಲ್ಟ್‌ಗೆ ಅದು ಸಾಧ್ಯವಾಗಲಿಲ್ಲ. ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ ಎಂದು ಅದೇ ಇಲಾಖೆ ಮುಂದೆ ಬಹಿರಂಗಪಡಿಸಿತು. ಅಮೆರಿಕದ ಆಟಗಾರರ ಕೈಗೆ ಹಣ ಬರತೊಡಗಿದ್ದು 2014ರಲ್ಲಿ. ಆ ರೂಮಿಗೂ ಇಂಗ್ಲಿಷ್ ಕಾಲುವೆಯ ಆಲ್ಡರ್ನಿ ದ್ವೀಪದ ಜೂಜು ಪರವಾನಗಿ ಇತ್ತು, ಹೆಸರಾಂತ ಆಟಗಾರರ ಬೆಂಬಲವಿತ್ತು. ಆದ್ದರಿಂದ ಪರವಾನಗಿಯ ಮುದ್ರೆ ಕಂಡ ಮಾತ್ರಕ್ಕೆ ನಾನು ಮುಂದುವರಿಯುವುದಿಲ್ಲ.

ಬ್ರಿಟನ್ನಿನ ಜೂಜು ಆಯೋಗದ ಸಾರ್ವಜನಿಕ ಪಟ್ಟಿಯಲ್ಲಿ ಕಂಪನಿಯ ಹೆಸರು ಹುಡುಕಿ, ನಾನು ತೆರೆದಿರುವ ತಾಣದ ವಿಳಾಸ ಅದೇ ಪರವಾನಗಿಯಡಿ ಇದೆಯೇ ಎಂದು ತಾಳೆ ನೋಡುತ್ತೇನೆ. ಆಮೇಲೆ ಷರತ್ತುಗಳ ಪುಟ. ಕಂಪನಿ ದಿವಾಳಿಯಾದರೆ ಆಟಗಾರರ ಹಣಕ್ಕೆ ಎಷ್ಟು ರಕ್ಷಣೆ ಎಂಬುದನ್ನು ಪ್ರತಿಯೊಂದು ರೂಮೂ ಅಲ್ಲಿ ಹೇಳಲೇಬೇಕು: ರಕ್ಷಣೆ ಇಲ್ಲ, ಮಧ್ಯಮ, ಉನ್ನತ. ‘ರಕ್ಷಣೆ ಇಲ್ಲ’ ಎಂದಿರುವ ಕಡೆಯೂ ಹಣ ಬೇರೆ ಖಾತೆಯಲ್ಲೇ ಇರುತ್ತದೆ, ಆದರೆ ಕಂಪನಿ ಮುಳುಗಿದರೆ ಅದು ಕಂಪನಿಯ ಆಸ್ತಿಯ ಜೊತೆಗೇ ಲೆಕ್ಕವಾಗುತ್ತದೆ. ಇಷ್ಟು ಮುಖ್ಯವಾದ ಸಾಲನ್ನು ಪುಟದ ಆಳದಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ‘ಉನ್ನತ’ ಎಂದಿದ್ದರೆ ಮಾತ್ರ ನಾನು ಅಲ್ಲಿ ತಿಂಗಳುಗಟ್ಟಲೆ ಹಣ ಬಿಡುತ್ತೇನೆ.

ನಂತರ ಚಿಕ್ಕ ಮೊತ್ತ ಹಾಕಿ, ಸ್ವಲ್ಪ ಆಡಿ, ಉಳಿದದ್ದನ್ನು ಬ್ಯಾಂಕ್ ಖಾತೆಗೆ ಹಿಂಪಡೆಯುತ್ತೇನೆ. ಗುರುತಿನ ಪರಿಶೀಲನೆ ಆಟಕ್ಕೆ ಮೊದಲೇ ಮುಗಿಯಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 2019ರಿಂದ ಇದೆ. ಹಣ ಕೇಳಿದ ಮೇಲೆ ಒಂದೊಂದೇ ಹೊಸ ದಾಖಲೆ ಕೇಳುತ್ತಾ ಹೋಗುವ ರೂಮಿಗೆ ನಾನು ಮತ್ತೆ ಕಾಲಿಡುವುದಿಲ್ಲ.

ಇನ್ನು ರೇಕ್, ಅಂದರೆ ಪ್ರತಿ ಪಾಟಿನಿಂದ (ಎಲ್ಲರೂ ಕಟ್ಟಿದ ಬಾಜಿಯ ರಾಶಿಯಿಂದ) ರೂಮು ಮುರಿದುಕೊಳ್ಳುವ ಪಾಲು. ಶೇಕಡಾ 5 ಎಂದರೆ ಕೇಳಲು ಕಡಿಮೆ. ಬಿಗ್ ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಒಬ್ಬ ಆಟಗಾರ ಕಟ್ಟಲೇಬೇಕಾದ ಬಾಜಿ, 10 ಪೆನ್ಸ್ ಇರುವ ಮೇಜಿನಲ್ಲಿ 4 ಪೌಂಡಿನ ಪಾಟ್ ಗೆದ್ದೆ ಎನ್ನಿ. ರೂಮಿನ ಪಾಲು 20 ಪೆನ್ಸ್, ಅಂದರೆ ಎರಡು ಬಿಗ್ ಬ್ಲೈಂಡ್. 100 ಕೈಗಳಿಗೆ (ಒಮ್ಮೆ ಎಲೆ ಹಂಚಿ ಆಡಿದ್ದು ಒಂದು ಕೈ) ಸರಾಸರಿ ಐದು ಬಿಗ್ ಬ್ಲೈಂಡ್ ಉಳಿಸಿಕೊಳ್ಳುವವನು ಚೆನ್ನಾಗಿಯೇ ಆಡುವವನು. ಅಷ್ಟು ಗಳಿಕೆಯ ಐದರಲ್ಲಿ ಎರಡು ಪಾಲಿನಷ್ಟು ಒಂದೇ ಪಾಟಿನಲ್ಲಿ ರೂಮಿಗೆ ಹೋಯಿತು! ರೇಕಿಗೆ ಗರಿಷ್ಠ ಮಿತಿ ಇದೆ ಎಂದು ಹೇಳುತ್ತಾರೆ, ನಿಜ. ಆದರೆ ಚಿಕ್ಕ ಬಾಜಿಯ ಮೇಜಿನಲ್ಲಿ ಆ ಮಿತಿ ಮುಟ್ಟುವಷ್ಟು ದೊಡ್ಡ ಪಾಟ್ ಬೀಳುವುದು ಅಪರೂಪ. ಹಾಗಾಗಿ ನನ್ನ ಮಟ್ಟದ ಮೇಜಿನ ಮಿತಿ ಎಷ್ಟೆಂದು ಕೋಷ್ಟಕದಲ್ಲಿ ಹುಡುಕುತ್ತೇನೆ. ಫ್ಲಾಪ್, ಅಂದರೆ ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆದಿಡುವ ಮೊದಲ ಮೂರು ಎಲೆ, ಬೀಳದೆ ಮುಗಿದ ಕೈಗೂ ರೇಕ್ ಮುರಿಯುತ್ತಾರೆಯೇ ಎಂದೂ ನೋಡುತ್ತೇನೆ.

ಕೆಲಸದ ದಿನ ರಾತ್ರಿ ಲಾಬಿ, ಅಂದರೆ ನಡೆಯುತ್ತಿರುವ ಮೇಜುಗಳ ಪಟ್ಟಿ, ತೆರೆದು, ಆಡದೆ ಬರೀ ನೋಡುತ್ತೇನೆ. ವಾರಾಂತ್ಯದ ಜಾತ್ರೆ ನೋಡಿ ರೂಮು ಅಳೆಯಬಾರದು. ನನ್ನ ಬಾಜಿಯಲ್ಲಿ ಎಷ್ಟು ಮೇಜು ನಡೆಯುತ್ತಿವೆ, ಎಲ್ಲ ಮೇಜುಗಳಲ್ಲೂ ಅವೇ ನಾಲ್ಕು ಹೆಸರುಗಳಿವೆಯೇ, ಫ್ಲಾಪ್ ನೋಡಲು ಎಷ್ಟು ಜನ ಉಳಿಯುತ್ತಾರೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಆಡಿದ ಕೈಗಳ ದಾಖಲೆಯನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಬಿಡದ ರೂಮು ನನಗೆ ಬೇಡವೇ ಬೇಡ. 2007ರಲ್ಲಿ ಆಬ್ಸಲ್ಯೂಟ್ ಪೋಕರ್‌ನಲ್ಲಿ ಒಂದು ಖಾತೆ ಎದುರಾಳಿಗಳ ಮುಚ್ಚಿದ ಎಲೆಗಳನ್ನು ನೋಡಿಕೊಂಡೇ ಆಡುತ್ತಿತ್ತು. ಅದನ್ನು ಬಯಲಿಗೆ ತಂದವರು ಆಟಗಾರರೇ. ಟೂರ್ನಮೆಂಟಿನ ದಾಖಲೆಯ ಕಡತ ಕೈಗೆ ಬಂದಾಗ ಪ್ರತಿ ಕೈಯನ್ನೂ ಬಿಡಿಸಿ ನೋಡಿದರು. ಎಲೆ ಕಲೆಸುವ ತಂತ್ರಾಂಶಕ್ಕೆ ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರ ಇರಲೇಬೇಕು, ಆದರೆ ಇಂಥ ಒಳಗಿನ ಮೋಸ ಅದರಿಂದ ಪತ್ತೆಯಾಗುವುದಿಲ್ಲ.

ಊರಿನ ನೆಂಟರು ಯಾವ ರೂಮು ಒಳ್ಳೆಯದು ಎಂದು ಕೇಳುತ್ತಾರೆ. ಭಾರತದಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಆ ಮೇಲೂ ಭಾರತದಿಂದ ಹಣ ಕಟ್ಟಿಸಿಕೊಳ್ಳುವ ವಿದೇಶಿ ತಾಣ ಹಣ ಹಿಡಿದಿಟ್ಟುಕೊಂಡರೆ ದೂರು ಕೊಡಲು ಜಾಗವೇ ಇರುವುದಿಲ್ಲ. ಬೇಡ ಎಂದೇ ಹೇಳುತ್ತೇನೆ.

ಇದೆಲ್ಲ ಮುಗಿದ ಮೇಲೆ ಬೋನಸ್. ಎಷ್ಟು ರೇಕ್ ಕಟ್ಟಿದರೆ ಎಷ್ಟು ಬಿಡುಗಡೆಯಾಗುತ್ತದೆ, ಎಷ್ಟು ದಿನದ ಗಡುವು ಎಂದು ನೋಡಿ, ನನ್ನ ಮಾಮೂಲಿ ಆಟದಲ್ಲಿ ದಕ್ಕುವಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಖಾತೆಗೆ ಹಾಕುವ ಹಣದ ತಿಂಗಳ ಮಿತಿಯನ್ನು ಮಾತ್ರ ಬೋನಸ್ಸಿನ ಆಸೆಗೆ ಏರಿಸುವುದಿಲ್ಲ.