ನಲ್ಲಿ ನೀರು ಕುಡಿಯಬಹುದೇ? ಮನೆಯಲ್ಲೇ ಪರೀಕ್ಷಿಸಿ ತಿಳಿಯುವ ಬಗೆ

ನಮ್ಮ ಬೀದಿಗೆ ನೀರು ಬಿಡುವುದು ಮೂರು ದಿನಕ್ಕೊಮ್ಮೆ, ಬೆಳಗಿನ ಜಾವ. ನೀರುಗಂಟಿ ವಾಲ್ವ್ ತಿರುಗಿಸಿದ ಸ್ವಲ್ಪ ಹೊತ್ತಿಗೆ ನಲ್ಲಿ ಮೊದಲು ಬುಸುಗುಟ್ಟುತ್ತದೆ, ಕೆಮ್ಮಿದ ಹಾಗೆ ನಾಲ್ಕು ಸಲ ಕಂದು ನೀರು ಕಾರುತ್ತದೆ, ಆಮೇಲಷ್ಟೇ ಧಾರೆ. ಆ ಬುಸುಗುಟ್ಟುವ ಸದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರು ದಿನ ಪೈಪು ಬರಿದಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ನೀರು ತುಂಬಿ ಒತ್ತಡದಲ್ಲಿರುವ ಪೈಪಿಗೆ ತೂತಿದ್ದರೆ ಒಳಗಿನ ನೀರು ಹೊರಕ್ಕೆ ಸೋರುತ್ತದೆ. ಬರಿದಾದ ಪೈಪಿಗೆ ತೂತಿದ್ದರೆ ಹೊರಗಿನದು ಒಳಕ್ಕೆ ನುಗ್ಗುತ್ತದೆ. ಸಣ್ಣ ಊರುಗಳಲ್ಲಿ ನೀರಿನ ಪೈಪು ಚರಂಡಿಯ ಮಗ್ಗುಲಲ್ಲೇ, ಎಷ್ಟೋ ಕಡೆ ಚರಂಡಿಯ ಒಳಗೇ ಹಾದುಹೋಗುವುದರಿಂದ ಆ ‘ಹೊರಗಿನದು’ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣಗಳು ಜೀವಗಳನ್ನೇ ತೆಗೆದುಕೊಂಡವು. ಇಂಥ ಸುದ್ದಿ ಬಂದಾಗ ಎಲ್ಲರ ಬೆರಳೂ ಶುದ್ಧೀಕರಣ ಘಟಕದ ಕಡೆ ತಿರುಗುತ್ತದೆ. ಅಲ್ಲಿ ತಪ್ಪಾಗುವುದೂ ಉಂಟು. ಆದರೆ ಘಟಕದಿಂದ ಚೆನ್ನಾಗಿಯೇ ಹೊರಟ ನೀರು ಕೊನೆಯ ನೂರು ಅಡಿಯಲ್ಲಿ, ಅಂದರೆ ನಮ್ಮ ಮನೆಯ ಮುಂದಿನ ಪೈಪು, ಸಂಪು, ಮೇಲಿನ ಟ್ಯಾಂಕಿನಲ್ಲಿ ಕೆಡಬಹುದು ಎಂಬುದನ್ನು ನಾವು ಯೋಚಿಸುವುದೇ ಇಲ್ಲ. ನೋಡಬೇಕಾದದ್ದು ಅಲ್ಲಿಂದ.

ಮೊದಲು ನೀರುಗಂಟಿಯನ್ನು ಕೇಳಿ

ನಿಮ್ಮ ನಲ್ಲಿಗೆ ಬರುವುದು ಹೊಳೆ ನೀರೋ, ಕೊಳವೆಬಾವಿಯದೋ, ಎರಡೂ ಬೆರೆತದ್ದೋ? ಪುರಸಭೆಯ ಕಚೇರಿಗಿಂತ ವಾಲ್ವ್ ತಿರುಗಿಸುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಬೋರ್ ನೀರು ಬೆರೆಸುವ ಊರುಗಳಿವೆ. ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ ಕೇಳಿ.

ಇದು ಯಾಕೆ ಬೇಕೆಂದರೆ, ಎರಡರ ರೋಗವೂ ಬೇರೆ, ಮದ್ದೂ ಬೇರೆ. ಹೊಳೆ ನೀರಿನ ತೊಂದರೆ ರೋಗಾಣು ಮತ್ತು ಬಗ್ಗಡ. ಮುಂಗಾರಿನ ‘ಹೊಸ ನೀರು’ ಬಂದ ವಾರದಲ್ಲಿ ಅದು ಹೆಚ್ಚು. ಕೊಳವೆಬಾವಿಯದು ಕರಗಿರುವ ವಸ್ತುಗಳ ತೊಂದರೆ: ಫ್ಲೋರೈಡ್, ನೈಟ್ರೇಟ್, ಗಡಸುತನ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಫ್ಲೋರೈಡ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಯಲ್ಲೇ ಅವರು ಅದನ್ನು ಓದಬಲ್ಲರು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ‘ಕುದಿಸಿ ಕುಡಿಯುತ್ತೇವೆ, ನಮಗೇನೂ ಆಗುವುದಿಲ್ಲ’ ಎನ್ನುವವರು ಇದನ್ನು ತಿಳಿದಿರಬೇಕು.

ಗಾಜಿನ ಲೋಟದಲ್ಲಿ ಹಿಡಿಯಿರಿ

ಸ್ಟೀಲ್ ಚೊಂಬಿನಲ್ಲಿ ನೀರಿನ ಬಣ್ಣ ತಿಳಿಯುವುದಿಲ್ಲ. ಗಾಜಿನ ಲೋಟದಲ್ಲಿ ಹಿಡಿದು ಹಿಂದೆ ಬಿಳಿ ಕಾಗದ ಇಟ್ಟು ನೋಡಿ. ನಲ್ಲಿ ಬಿಟ್ಟ ಕೂಡಲೇ ಒಂದು ಲೋಟ, ಹತ್ತು ನಿಮಿಷದ ಮೇಲೆ ಇನ್ನೊಂದು. ಹಾಲಿನಂತೆ ಬೆಳ್ಳಗಿದ್ದು ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಬರೀ ಗಾಳಿ, ಹೆದರಬೇಡಿ. ಹಿಡಿದಾಗ ತಿಳಿಯಾಗಿದ್ದು ರಾತ್ರಿ ಕಳೆಯುವಷ್ಟರಲ್ಲಿ ಕೆಂಪಗಾದರೆ ಕಬ್ಬಿಣದ ಅಂಶ. ಚರಂಡಿಯ ವಾಸನೆ ಸ್ವಲ್ಪವೇ ಬಂದರೂ ಆ ದಿನ ಮುಂದಿನ ಪರೀಕ್ಷೆಗಳನ್ನು ಬದಿಗಿಟ್ಟು, ಕುಡಿಯುವುದನ್ನು ನಿಲ್ಲಿಸಿ ಪುರಸಭೆಗೆ ಫೋನ್ ಮಾಡಿ.

ಮೊದಲ ಹತ್ತು ನಿಮಿಷದ ನೀರನ್ನು ಗಿಡಕ್ಕೆ, ಅಂಗಳಕ್ಕೆ, ಶೌಚಾಲಯದ ಬಕೆಟ್ಟಿಗೆ ಹಿಡಿಯುವುದು ಒಳ್ಳೆಯ ಅಭ್ಯಾಸ. ಸಂಪಿಗಂತೂ ಅದನ್ನು ಬಿಡಲೇಬೇಡಿ. ಖಾಲಿ ಪೈಪಿನೊಳಕ್ಕೆ ನುಗ್ಗಿದ್ದೆಲ್ಲ ಹೆಚ್ಚಾಗಿ ಬರುವುದು ಆ ಮೊದಲ ನೀರಿನಲ್ಲೇ.

ಐದು ಹನಿಯ ಪರೀಕ್ಷೆ

ಬ್ಲೀಚಿಂಗ್ ವಾಸನೆ ಬಂದರೆ ಮೂಗು ಮುರಿಯುವವರು ಬಹಳ. ನಿಜಕ್ಕೂ ಅದು ಕಾವಲುಗಾರನ ವಾಸನೆ. ಘಟಕದಲ್ಲಿ ಹಾಕಿದ ಕ್ಲೋರಿನ್‌ನಲ್ಲಿ ಒಂದಿಷ್ಟು ನಿಮ್ಮ ನಲ್ಲಿಯವರೆಗೂ ಉಳಿದು ಬರಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡ, ಐಎಸ್ 10500, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ. ದಾರಿಯಲ್ಲಿ ಕೊಳೆ ಸೇರಿದರೆ ಕ್ಲೋರಿನ್ ಅದರ ಜೊತೆ ಹೋರಾಡಿ ಖರ್ಚಾಗುತ್ತದೆ. ಘಟಕದಲ್ಲಿ ಕ್ಲೋರಿನ್ ಹಾಕಿದ್ದೂ ನಿಜ, ನಿಮ್ಮಲ್ಲಿ ಸೊನ್ನೆ ಎನ್ನುವುದೂ ನಿಜವಾದರೆ ನಡುವೆ ಎಲ್ಲೋ ಅದು ತೀರಿಹೋಗಿದೆ ಎಂದರ್ಥ.

ಇದನ್ನು ಅಳೆಯುವ ಪೆಟ್ಟಿಗೆಗೆ ನೀರು ಸರಬರಾಜಿನವರು ಕ್ಲೋರೋಸ್ಕೋಪ್ ಎನ್ನುತ್ತಾರೆ. ಪ್ರಯೋಗಾಲಯ ಸಾಮಗ್ರಿ ಮಾರುವ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಣ್ಣ ಕಿಟ್ ಸಿಗುತ್ತದೆ. ಗಾಜಿನ ನಳಿಕೆಗೆ ಗುರುತಿನವರೆಗೆ ನೀರು ತುಂಬಿ, ಕಿಟ್‌ನಲ್ಲಿ ಹೇಳಿದಷ್ಟು ಹನಿ ಆರ್ಥೊಟಾಲಿಡಿನ್ ದ್ರಾವಣ ಹಾಕಿ (ನನ್ನ ಕಿಟ್‌ನಲ್ಲಿ ಐದು ಹನಿ), ಕೂಡಲೇ ಬಣ್ಣದ ಪಟ್ಟಿಯ ಜೊತೆ ಹೋಲಿಸಿ ನೋಡಬೇಕು. ಕ್ಲೋರಿನ್ ಇದ್ದರೆ ಹಳದಿ, ಇಲ್ಲದಿದ್ದರೆ ನೀರಿನ ಬಣ್ಣವೇ. ತಡವಾಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ಆ ದ್ರಾವಣ ವಿಷಕಾರಿ. ನಳಿಕೆಯ ನೀರನ್ನು ಚೆಲ್ಲಿ, ಕೈ ತೊಳೆಯಿರಿ, ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆಯ ಕಿಟ್ ಸಿಕ್ಕರೆ ಅದು ಇನ್ನೂ ಒಳ್ಳೆಯದು.

ಒಂದೇ ಕಡೆ ನೋಡಿದರೆ ಸಾಲದು. ನಾನು ಮೊದಲ ಸಲ ಬೀದಿಯ ನಲ್ಲಿಯಿಂದ, ಸಂಪಿನಿಂದ, ಅಡುಗೆಮನೆಯ ನಲ್ಲಿಯಿಂದ ಮೂರು ನಳಿಕೆ ಹಿಡಿದು ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಎದುರು ಮನೆಯ ಅಜ್ಜಿ ಬಂದು, “ನೀರಿಗೆ ಅರಿಶಿನ ಹಾಕಿದ್ದೀಯೇನಪ್ಪಾ?” ಎಂದರು. ಅರಿಶಿನ ಕಂಡದ್ದು ಬೀದಿಯ ನಲ್ಲಿಯ ನಳಿಕೆಯಲ್ಲಿ ಮಾತ್ರ. ಉಳಿದ ಎರಡೂ ಸ್ಫಟಿಕದ ಹಾಗಿದ್ದವು. ಅಜ್ಜಿಗೆ ಆ ಎರಡೇ ಚೆನ್ನಾಗಿ ಕಂಡವು, ನನಗೆ ಬೆವರು ಬಂತು. ವರ್ಷವಿಡೀ ಪುರಸಭೆಯನ್ನು ಬೈದುಕೊಂಡಿದ್ದೆ. ನೀರು ಕಾವಲು ಕಳೆದುಕೊಳ್ಳುತ್ತಿದ್ದದ್ದು ನನ್ನದೇ ಸಂಪಿನಲ್ಲಿ.

ಬೀದಿಯ ನಲ್ಲಿಯಲ್ಲೇ ಬಣ್ಣ ಬರದಿದ್ದರೆ ಆಚೀಚೆಯ ನಾಲ್ಕು ಮನೆಗಳಲ್ಲೂ ನೋಡಿ. ಎಲ್ಲೆಡೆ ಸೊನ್ನೆಯಾದರೆ ತಪ್ಪು ಪುರಸಭೆಯ ಕಡೆಯದು. ದಿನಾಂಕ, ಹೊತ್ತು, ಮನೆಗಳ ವಿವರ ಬರೆದು ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಬಾಯಿಮಾತಿನ ಉತ್ತರವೇ ಸಿಗುವುದು. ಅವರ ಪರೀಕ್ಷಾ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳುವುದಕ್ಕೂ ಅವಕಾಶವಿದೆ.

ಮಾರಾಟಗಾರನ ಇಂದ್ರಜಾಲ

ಆರ್‌ಒ ಯಂತ್ರ ಮಾರಲು ಬರುವವರು ಎರಡು ಲೋಟಕ್ಕೆ ಸರಳು ಇಳಿಸಿ ಕರೆಂಟ್ ಹರಿಸುತ್ತಾರೆ. ನಿಮ್ಮ ನಲ್ಲಿ ನೀರು ಕಪ್ಪು-ಕಂದಾಗಿ ಬಗ್ಗಡವೇಳುತ್ತದೆ, ಅವರ ನೀರು ಹಾಗೇ ಇರುತ್ತದೆ. ಮನೆಯವರೆಲ್ಲ ಬಾಯಿಯ ಮೇಲೆ ಕೈ. ಅಲ್ಲಿ ಕರಗಿ ಹೊರಬರುವುದು ಸರಳಿನ ಕಬ್ಬಿಣ. ನಲ್ಲಿ ನೀರಿನಲ್ಲಿ ಲವಣಗಳಿರುವುದರಿಂದ ಕರೆಂಟ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಹೆಚ್ಚು ಹರಿಯುವುದಿಲ್ಲ, ಅಷ್ಟೇ. ಪೆನ್ನಿನಂಥ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ವಸ್ತು) ಮೀಟರ್ ಕೂಡ ಲವಣವನ್ನು ಮಾತ್ರ ಲೆಕ್ಕ ಹಾಕುತ್ತದೆ. ಚರಂಡಿ ನೀರು ಒಂದು ಲೋಟ ಬೆರೆತ ಕೊಡದಲ್ಲೂ ಅದು ‘ಉತ್ತಮ’ ಅಂಕಿಯನ್ನೇ ತೋರಿಸಬಹುದು.

ಹೊಳೆ ನೀರು ಬರುವ, ಟಿಡಿಎಸ್ 500ರೊಳಗಿರುವ ಮನೆಗೆ ಆರ್‌ಒ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಚೆಲ್ಲುವ ನೀರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಫ್ಲೋರೈಡ್, ನೈಟ್ರೇಟ್ ಇದ್ದ ಕಡೆಯ ಮಾತು ಬೇರೆ, ಅಲ್ಲಿ ಅದು ಬೇಕು. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವವರಿಗೂ ಒಂದು ಮಾತು: ಆ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಉಳಿದಿರುವುದಿಲ್ಲ, ಅಂದರೆ ಕಾವಲಿಲ್ಲ. ಕ್ಯಾನಿನ ಒಳಗೋಡೆ ಬೆರಳಿಗೆ ಜಾರುವಂತಿದ್ದರೆ ಘಟಕ ಎಷ್ಟು ಶುದ್ಧವಾಗಿದ್ದರೂ ಪ್ರಯೋಜನವಿಲ್ಲ.

ಕಪ್ಪಾಗುವ ಬಾಟಲಿ

ರೋಗಾಣುವಿನ ಸುಳಿವು ಹಿಡಿಯಲು ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ) ಬಾಟಲಿ ಇದೆ. ಜಲ ಜೀವನ್ ಮಿಷನ್‌ನಡಿ ಹಳ್ಳಿಗಳಲ್ಲಿ ತರಬೇತಿ ಪಡೆದ ಮಹಿಳೆಯರು ಬಳಸುವ ಪರೀಕ್ಷೆಗಳಲ್ಲಿ ಇದೂ ಒಂದು. ನಲ್ಲಿಯ ಬಾಯಿಯನ್ನು ಚೆನ್ನಾಗಿ ಒರೆಸಿ, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಒಳಭಾಗಕ್ಕಾಗಲೀ ಮುಚ್ಚಳದ ಒಳಗಾಗಲೀ ಬೆರಳು ತಾಗಿಸದೆ ಗುರುತಿನವರೆಗೆ ತುಂಬಿ. ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಮಲಮೂಲದ ಕೊಳೆ ಸೇರಿರುವ ಶಂಕೆ ಬಲವಾಗಿದೆ, ಕುದಿಸದೆ ಕುಡಿಯಬೇಡಿ. ಕೊಳೆತ ಮೊಟ್ಟೆಯ ವಾಸನೆಯಿರುವ ಕೆಲವು ಬೋರ್ ನೀರು ಸುಮ್ಮನೆಯೂ ಕಪ್ಪಾಗಬಹುದು. ಕಪ್ಪಾಗಲಿಲ್ಲವೆಂದರೆ ನೂರಕ್ಕೆ ನೂರು ಶುದ್ಧ ಎಂದೂ ಅಲ್ಲ. ಕೊನೆಯ ಮಾತು ಪ್ರಯೋಗಾಲಯದ್ದೇ. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಶೌಚಾಲಯಕ್ಕೆ ಚೆಲ್ಲಿ.

ಒಂದು ಬಾಟಲಿ ತೊಳೆಯಿರಿ, ಇನ್ನೊಂದನ್ನು ತೊಳೆಯಬೇಡಿ

ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರದ ನೀರು ಪರೀಕ್ಷಾ ಪ್ರಯೋಗಾಲಯಗಳಿವೆ. ಕಡಿಮೆ ಶುಲ್ಕಕ್ಕೆ ಸಾರ್ವಜನಿಕರ ನೀರನ್ನೂ ನೋಡಿಕೊಡುತ್ತಾರೆ. ಮೊದಲೇ ಫೋನ್ ಮಾಡಿ, ಯಾವ ದಿನ ಮಾದರಿ ತೆಗೆದುಕೊಳ್ಳುತ್ತಾರೆಂದು ಕೇಳಿ ಹೋಗಿ.

ಎರಡು ಮಾದರಿ ಬೇಕು. ಲವಣ, ಫ್ಲೋರೈಡ್ ನೋಡಲು ಎರಡು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ. ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿ. ರೋಗಾಣುವಿಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಮುಕ್ತ ಬಾಟಲಿ. ಅದನ್ನು ತೊಳೆಯಲೇಬಾರದು. ಕ್ಲೋರಿನ್‌ನ ಕೆಲಸವನ್ನು ಅಲ್ಲಿಗೇ ನಿಲ್ಲಿಸುವ ರಾಸಾಯನಿಕವನ್ನು ಅದರಲ್ಲಿ ಹಾಕಿರುತ್ತಾರೆ. ತೊಳೆದರೆ ಅದು ಹೋಗುತ್ತದೆ, ದಾರಿಯಲ್ಲೇ ರೋಗಾಣು ಸತ್ತು ವರದಿ ಸುಳ್ಳು ಹೇಳುತ್ತದೆ. ತುಂಬಿದ ಬಾಟಲಿಯನ್ನು ಐಸ್ ಇಟ್ಟ ಡಬ್ಬಿಯಲ್ಲಿ ಆದಷ್ಟು ಬೇಗ, ಸಾಧ್ಯವಾದರೆ ಆರು ಗಂಟೆಯೊಳಗೆ ಮುಟ್ಟಿಸಿ. ಬೆಳಿಗ್ಗೆ ಹಿಡಿದು ಸಂಜೆ ಬಸ್ಸಿಗೆ ಹೊರಟರೆ ಕೆಲಸ ಕೆಟ್ಟಿತು.

ವರದಿಯಲ್ಲಿ ಅಂಕಿಗಳ ಎರಡು ಕಾಲಂ ಕಂಡು ಗಾಬರಿಯಾಗಬೇಡಿ. ಮೊದಲನೆಯದು ಇರಬೇಕಾದ ಮಿತಿ, ಎರಡನೆಯದು ಬೇರೆ ನೀರೇ ಸಿಗದಾಗ ಒಪ್ಪಿಕೊಳ್ಳಬಹುದಾದ ಮಿತಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಟಿಡಿಎಸ್ 500 ಮತ್ತು 2000, ಗಡಸುತನ 200 ಮತ್ತು 600, ಫ್ಲೋರೈಡ್ 1 ಮತ್ತು 1.5. ನೈಟ್ರೇಟ್‌ಗೆ 45 ಒಂದೇ ಮಿತಿ, ಅದರಲ್ಲಿ ವಿನಾಯಿತಿ ಇಲ್ಲ. ಅದನ್ನು ಮೀರಿದ ನೀರಿನಲ್ಲಿ ಹಸುಗೂಸಿಗೆ ಪುಡಿ ಹಾಲು ಕಲಸಿ ಕೊಡಲೇಬೇಡಿ, ಕುದಿಸಿದರೂ ಬೇಡ. ಇ ಕೋಲಿ (ಮಲಮೂಲದ ಬ್ಯಾಕ್ಟೀರಿಯಾ) ಎಂಬ ಸಾಲಿನಲ್ಲಿ 100 ಮಿಲಿಲೀಟರಿಗೆ ಒಂದೂ ಇರಕೂಡದು.

ಚರಂಡಿಗೆ ಇಣುಕಿ

ಇನ್ನು ದುರಸ್ತಿ. ಬೀದಿಯ ದೊಡ್ಡ ಪೈಪಿನಿಂದ ನಿಮ್ಮ ಮನೆಗೆ ಬರುವ ಸಣ್ಣ ಪೈಪು ಚರಂಡಿಯನ್ನು ಎಲ್ಲಿ ದಾಟುತ್ತದೆ ಎಂದು ಹುಡುಕಿ. ನಮ್ಮ ಮನೆಯದು ಚಪ್ಪಡಿಯ ಕೆಳಗೆ ಹೂಳಿನಲ್ಲಿ ಮುಳುಗಿತ್ತು. ಪ್ಲಂಬರ್ ಚಪ್ಪಡಿ ಎತ್ತಿ ಹಾರೆಯಿಂದ ತಟ್ಟಿದಾಗ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಿಂದ ತುಕ್ಕು ಹಪ್ಪಳದಂತೆ ಕಳಚಿತು, ಕೆಳಗೆ ಕಡಲೆಕಾಳಿನಷ್ಟು ತೂತು. ನೀರು ಬಿಟ್ಟ ದಿನ ಅಲ್ಲಿ ಬುಗ್ಗೆ, ಬಿಡದ ದಿನ ಅದೇ ಬಾಯಿ. ನಡುವೆ ಜೋಡಣೆ ಇಲ್ಲದ, ಒಂದೇ ತುಂಡಿನ, ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪನ್ನು, ದಪ್ಪ ಕೊಳವೆಯೊಳಗೆ ತೂರಿಸಿ, ಚರಂಡಿ ನೀರಿನ ಮಟ್ಟಕ್ಕಿಂತ ಮೇಲೆ ದಾಟಿಸಿದೆವು. ಅರ್ಧ ದಿನದ ಕೆಲಸ.

ನಲ್ಲಿಗೆ ನೇರವಾಗಿ ಮೋಟಾರ್ ಕಟ್ಟಿ ಎಳೆಯುವವರು ಇದ್ದರೆ ಈ ದುರಸ್ತಿಯೂ ಅರ್ಧಕ್ಕೆ ನಿಲ್ಲುತ್ತದೆ. ಮೋಟಾರ್ ನೀರನ್ನಷ್ಟೇ ಅಲ್ಲ, ಬೀದಿಯ ಎಲ್ಲ ತೂತುಗಳಿಂದ ಕೊಳೆಯನ್ನೂ ಎಳೆಯುತ್ತದೆ. ಇದನ್ನು ನೆರೆಯವರಿಗೆ ಹೇಳಿ ಒಪ್ಪಿಸುವುದು ಕ್ಲೋರಿನ್ ಪರೀಕ್ಷೆಗಿಂತ ಕಷ್ಟದ ಕೆಲಸ. ಬೀದಿಯಲ್ಲಿ ಎರಡು ಮೂರು ಮನೆಗಳಲ್ಲಿ ಒಟ್ಟಿಗೇ ವಾಂತಿ-ಭೇದಿ ಕಂಡರೆ ಕಾಯದೆ ಆಶಾ ಕಾರ್ಯಕರ್ತೆಗೆ, ಸರ್ಕಾರಿ ಆಸ್ಪತ್ರೆಗೆ ತಿಳಿಸಿ, ನೀರನ್ನು ಕುದಿಸಿಯೇ ಕುಡಿಯಿರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು.

ಸಂಪಿಗೆ ಬ್ಲೀಚಿಂಗ್

ಆರು ತಿಂಗಳಿಗೊಮ್ಮೆ ಸಂಪು ಖಾಲಿ ಮಾಡಿ ಗೋಡೆ ಉಜ್ಜಿಸಿ. ಒಳಗೆ ಇಳಿಯುವವರು ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು ಇಳಿಯಲಿ, ಮೇಲೊಬ್ಬರು ನಿಂತಿರಲಿ. ಮುಚ್ಚಳ ನೆಲಮಟ್ಟಕ್ಕಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಅಂಗಳ ತೊಳೆದ ನೀರೆಲ್ಲ ಒಳಗೇ.

ನೀರು ತುಂಬಿದ ಮೇಲೆ ಲೆಕ್ಕ ಹೀಗೆ: ಉದ್ದ, ಅಗಲ, ನೀರಿನ ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ನೀರೆಂದರೆ ಸುಮಾರು 2000 ಲೀಟರ್. ಸಾವಿರ ಲೀಟರ್ ತಿಳಿನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಎರಡೂವರೆ ಗ್ರಾಂ, ಅಂದರೆ ಈ ಸಂಪಿಗೆ ಐದು ಗ್ರಾಂ. ಕಣ್ಣಂದಾಜು ಬೇಡ, ತೂಕ ಮಾಡಿ. ಬಾಯಿ ಬಿಚ್ಚಿಟ್ಟ ಹಳೆಯ ಪೊಟ್ಟಣದ ಪುಡಿಗೆ ಸತ್ವ ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಬಕೆಟ್ ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಸುರಿದು ಕದಡಿ. ಶೌಚಾಲಯದ ಆ್ಯಸಿಡ್ ಮುಟ್ಟಿದ ಬಕೆಟ್ ಬಳಸಬೇಡಿ. ಎರಡೂ ಸೇರಿದರೆ ವಿಷಾನಿಲ ಬರುತ್ತದೆ.

ಒಂದು ಗಂಟೆ ಕಳೆದ ಮೇಲೆ ಸಂಪಿನಿಂದ ಒಂದು ನಳಿಕೆ ನೀರು ಹಿಡಿದು ಹನಿ ಹಾಕಿ. ತೆಳು ಹಳದಿ ಕಂಡರೆ ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿ. ಬಣ್ಣ ಕಾಣದಿದ್ದರೆ ಮೊದಲಿನ ಅರ್ಧದಷ್ಟು ಪುಡಿಯನ್ನು ಮತ್ತೆ ಹಾಕಿ ಇನ್ನೊಂದು ಗಂಟೆ ಕಾಯಿರಿ. ಆಗಲೂ ಕಾಣದಿದ್ದರೆ ಆ ನೀರನ್ನು ಪಾತ್ರೆ ಬಟ್ಟೆಗೆ ಖರ್ಚು ಮಾಡಿ, ಸಂಪನ್ನು ಇನ್ನೊಮ್ಮೆ ಉಜ್ಜಿಸಿ, ಗೋಡೆಯಲ್ಲಿ ಬಿರುಕು ಹುಡುಕಿ.