ಬ್ರಿಟನ್ನಿನಲ್ಲಿ ಪಿಸಿಪಿ ಗಾಡಿ ವಾಪಸ್ ಕೊಡೋದು: ಕಲಬುರಗಿ, ಬೀದರ, ಯಾದಗಿರಿಯಿಂದ ಹೊಸದಾಗಿ ಬಂದವರಿಗೆ

ಕಲಬುರಗಿಯಲ್ಲಿ ಸಾಲ ಮಾಡಿ ಗಾಡಿ ತಗೊಂಡ್ರೆ ಲೆಕ್ಕ ಸರಳ. ಕೆಎ-32 ನಂಬರಿನ ಆರ್‌ಸಿ ನಿಮ್ಮ ಹೆಸರಲ್ಲೇ ಇರ್ತದೆ, ಅದರ ಮೇಲೆ ಬ್ಯಾಂಕಿನ ಹೆಸರೂ ಕೂತಿರ್ತದೆ. ಕೊನೇ ಕಿಸ್ತು ಕಟ್ಟಿ, ಎನ್‌ಒಸಿ ಮತ್ತು ಫಾರ್ಮ್ 35 ತಂದು ಆರ್‌ಟಿಒದಲ್ಲಿ ಕೊಟ್ರೆ ಗಾಡಿ ಪೂರಾ ನಿಮ್ಮದು. ಬೀದರದ ಕೆಎ-38ಕ್ಕೂ ಯಾದಗಿರಿಯ ಕೆಎ-33ಕ್ಕೂ ಇದೇ ಕ್ರಮ. ಇದೇ ತಿಳುವಳಿಕೆಯಲ್ಲಿ ಇಲ್ಲಿ ಪಿಸಿಪಿ (ಪರ್ಸನಲ್ ಕಾಂಟ್ರಾಕ್ಟ್ ಪರ್ಚೇಸ್, ಅಂದ್ರೆ ತಿಂಗಳ ಕಿಸ್ತಿನ ಮೇಲೆ ಕೊನೆಗೆ ಒಂದು ದೊಡ್ಡ ಮೊತ್ತ ಉಳಿಯೋ ಗಾಡಿ ಫೈನಾನ್ಸ್) ಕರಾರಿಗೆ ಸಹಿ ಹಾಕಿದವರಿಗೆ ಮುದ್ದತು ಮುಗಿಯೋ ಹೊತ್ತಿಗೆ ಗಾಬರಿ ಆಗ್ತದೆ. ಇಲ್ಲಿ 36 ಕಿಸ್ತು ತಪ್ಪದೆ ಕಟ್ಟಿದ್ರೂ ಗಾಡಿ ಫೈನಾನ್ಸ್ ಕಂಪನಿಯದೇ. ವಿ5ಸಿ ಅನ್ನೋ ಲಾಗ್‌ಬುಕ್ಕಿನಲ್ಲಿ ನಿಮ್ಮ ಹೆಸರಿದ್ರೂ ಅದು ಗಾಡಿ ಇಟ್ಟುಕೊಂಡವರ ಹೆಸರು, ಮಾಲೀಕರದಲ್ಲ. ಆ ಮಾತು ಲಾಗ್‌ಬುಕ್ಕಿನ ಮೇಲೇ ಅಚ್ಚಾಗಿದೆ.

ಕೊನೆಗೆ ನಿಮ್ಮ ಮುಂದೆ ಮೂರು ದಾರಿ. ಉಳಿದ ದೊಡ್ಡ ಮೊತ್ತ, ಅಂದ್ರೆ ಬಲೂನ್ ಪೇಮೆಂಟ್, ಕಟ್ಟಿ ಗಾಡಿ ನಿಮ್ಮದು ಮಾಡ್ಕೊಳ್ಳೋದು. ಗಾಡಿ ಕೊಟ್ಟು ಕೈ ತೊಳ್ಕೊಳ್ಳೋದು. ಇಲ್ಲಾ ಬೇರೆ ಗಾಡಿಗೆ ಬದಲಿ ಕೊಡೋದು.

ವಾಪಸ್ ಕೊಡೋ ಮುಂಚೆ ಬೆಲೆ ನೋಡ್ರಿ

ಬಲೂನ್ ಮೊತ್ತ ಸಹಿ ಹಾಕಿದ ದಿನವೇ ನಿಗದಿ ಆಗಿರ್ತದೆ. ಮೂರು ವರ್ಷದಲ್ಲಿ ಮಾರುಕಟ್ಟೆ ಕುಸಿದ್ರೆ ನಷ್ಟ ಕಂಪನಿಗೆ, ನೀವು ಗಾಡಿ ಕೊಟ್ಟು ಬರಬಹುದು. ಆದ್ರೆ ಮಾರುಕಟ್ಟೆ ಬೆಲೆ ಅದಕ್ಕಿಂತ ಹೆಚ್ಚಿದ್ರೆ ಸುಮ್ಮನೆ ಕೀಲಿ ಒಪ್ಪಿಸೋದು ನಿಮ್ಮ ರೊಕ್ಕ ಬಿಟ್ಟುಕೊಟ್ಟಂಗೆ. ಬಲೂನ್ 9,000 ಪೌಂಡ್ ಇದ್ದು, ಡೀಲರ್ 10,200 ಕೊಡ್ತೀನಿ ಅಂದ್ರೆ ಮೇಲಿನ 1,200 ನಿಮ್ಮದು. ಕಂಪನಿಗೆ ಫೋನ್ ಮಾಡಿ ಸೆಟ್ಲ್‌ಮೆಂಟ್ ಮೊತ್ತ (ಕರಾರು ಪೂರಾ ತೀರಿಸೋಕೆ ಬೇಕಾದ ಬಾಕಿ) ಬರವಣಿಗೆಯಲ್ಲಿ ಕೇಳ್ರಿ, ಎರಡು ಮೂರು ಕಡೆ ಬೆಲೆ ಕಟ್ಟಿಸ್ರಿ. ಫೈನಾನ್ಸ್ ಇರೋ ಗಾಡಿ ಕೊಳ್ಳೋ ವ್ಯಾಪಾರಿಗಳು ಬಾಕಿಯನ್ನ ನೇರ ಕಂಪನಿಗೇ ಕಟ್ಟಿ ಉಳಿದದ್ದು ನಿಮಗೆ ಕೊಡ್ತಾರೆ. ಅರ್ಧ ದಿನದ ಕೆಲಸ. ಇದನ್ನ ಮಾಡದೇ ವಾಪಸ್ ಕೊಡಬ್ಯಾಡ್ರಿ.

ಊರಿಗೆ ಕಾಯಂ ಹೊರಟವರಿಗೊಂದು ಮಾತು. "ಗಾಡಿ ನೀವು ಇಟ್ಕೋರಿ, ಮುಂದಿನ ಕಿಸ್ತು ನೀವೇ ಕಟ್ರಿ" ಅಂತ ಗೆಳೆಯರಿಗೋ ಸಂಬಂಧಿಕರಿಗೋ ಗಾಡಿ ಬಿಟ್ಟು ಹೋಗೋದು ಕರಾರು ಮುರಿದಂಗೆ. ಕರಾರು ನಿಮ್ಮ ಹೆಸರಲ್ಲೇ ಉಳೀತದೆ. ಅವರು ಕಿಸ್ತು ತಪ್ಪಿಸಿದ್ರೆ ಕಪ್ಪು ಗುರುತು ಬೀಳೋದು ನಿಮ್ಮ ಕ್ರೆಡಿಟ್ ದಾಖಲೆಯಲ್ಲಿ, ಅದು ಆರು ವರ್ಷ ಅಳಿಸಲ್ಲ.

ಅವಧಿಗೆ ಮುಂಚೆ ಬಿಡಬೇಕಾದ್ರೆ ಕಾನೂನೇ ದಾರಿ ಕೊಟ್ಟದೆ. 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟಿನ 99 ಮತ್ತು 100ನೇ ಸೆಕ್ಷನ್ ಪ್ರಕಾರ, ಒಟ್ಟು ಕಟ್ಟಬೇಕಾದ ಮೊತ್ತದ ಅರ್ಧ ಕಟ್ಟಿದ್ರೆ ಗಾಡಿ ಕೊಟ್ಟು ಕರಾರು ಮುಗಿಸಬಹುದು. ಇದಕ್ಕೆ ವಾಲಂಟರಿ ಟರ್ಮಿನೇಶನ್ ಅಂತಾರೆ. ಒಟ್ಟು ಮೊತ್ತದಾಗೆ ಬಲೂನೂ ಸೇರ್ತದೆ ಅನ್ನೋದನ್ನ ಭಾಳ ಜನ ಮರೀತಾರೆ. ಮುಂಗಡ 3,000, ತಿಂಗಳಿಗೆ 300ರಂತೆ 36 ಕಿಸ್ತು, ಬಲೂನ್ 11,200 ಅಂದ್ರೆ ಒಟ್ಟು 25,000. ಅರ್ಧ 12,500. ಅದು ದಾಟೋದು 32ನೇ ಕಿಸ್ತಿಗೆ. ಅದಕ್ಕೂ ಮುಂಚೆ ಬಿಡೋದಾದ್ರೆ ಕಮ್ಮಿ ಬಿದ್ದದ್ದನ್ನ ತುಂಬಬೇಕು. ನೋಟಿಸ್ ಬರವಣಿಗೆಯಲ್ಲೇ ಕೊಡ್ರಿ, "ವಾಲಂಟರಿ ಟರ್ಮಿನೇಶನ್" ಅನ್ನೋ ಮಾತನ್ನೇ ಬಳಸ್ರಿ. "ಗಾಡಿ ಬ್ಯಾಡ, ಒಯ್ರಿ" ಅಂತಷ್ಟೇ ಹೇಳಿದ್ರೆ ಕಂಪನಿ ಅದನ್ನ ಬೇರೆ ರೀತಿಯ ಒಪ್ಪಿಸುವಿಕೆ ಅಂತ ಬರ್ಕೊಂಡು ಪೂರಾ ಬಾಕಿ ಕೇಳಬಹುದು. ಇದು ಪಿಸಿಪಿ, ಎಚ್‌ಪಿ (ಹೈರ್ ಪರ್ಚೇಸ್) ಕರಾರಿಗೆ ಮಾತ್ರ. ಬಾಡಿಗೆ ಲೀಸಿಗೆ ಅನ್ವಯಿಸಲ್ಲ.

ಮೂರು ತಿಂಗಳು ಮುಂಚೆ ಗಾಡಿ ನೋಡ್ಕೋರಿ

ಮೊದಲು ಮೈಲಿ. ವರ್ಷಕ್ಕೆ 8,000 ಅಂತ ಕರಾರಿದ್ರೆ ಮೂರು ವರ್ಷಕ್ಕೆ 24,000. ಮೀಟರಿನಲ್ಲಿ 27,500 ಇದ್ರೆ 3,500 ಹೆಚ್ಚು. ಮೈಲಿಗೆ 10 ಪೆನ್ಸ್ ದರ ಇದ್ರೆ 350 ಪೌಂಡ್. ಕೆಲವು ಕರಾರಿನಲ್ಲಿ ಇದರ ಮೇಲೆ 20% ವ್ಯಾಟ್ ಸೇರಿ 420 ಆಗ್ತದೆ. ನಿಮ್ಮ ದರ ಕರಾರಿನಲ್ಲೇ ಬರೆದಿರ್ತದೆ.

ಆಮೇಲೆ ಮೈಮೇಲಿನ ಗಾಯ. ಭಾಳ ಕಂಪನಿಗಳು ಬಾಡಿಗೆ-ಲೀಸ್ ಗಾಡಿ ಕಂಪನಿಗಳ ಒಕ್ಕೂಟವಾದ ಬಿವಿಆರ್‌ಎಲ್‌ಎ ಸಂಸ್ಥೆಯ ಸವಕಳಿ ಮಾರ್ಗಸೂಚಿ ಅನುಸರಿಸ್ತಾವೆ, ಕೆಲವು ಸ್ವಂತದ್ದು ಇಟ್ಟಿರ್ತಾವೆ. ನಿಮ್ಮ ಕಂಪನಿಯ ಪುಸ್ತಿಕೆ ತರಿಸಿ ಓದ್ರಿ. ಬಿವಿಆರ್‌ಎಲ್‌ಎ ಲೆಕ್ಕದಾಗ ಬಣ್ಣದ ಕೆಳಗಿನ ಪ್ರೈಮರ್ ಕಾಣದಂಥ ಗೀರು 25 ಮಿ.ಮೀ. ತನಕ ನಡೀತದೆ. ಅಳೆಯೋಕೆ 10 ಪೆನ್ಸ್ ನಾಣ್ಯ ಸಾಕು, ಅದರ ಅಗಲ 24.5 ಮಿ.ಮೀ. ಬಣ್ಣ ಒಡೆಯದ ತಗ್ಗು 15 ಮಿ.ಮೀ. ತನಕ ಸರಿ, ಒಂದು ಪ್ಯಾನೆಲಿಗೆ ಎರಡೇ. 5 ಪೆನ್ಸ್ ನಾಣ್ಯ 18 ಮಿ.ಮೀ., ತಗ್ಗು ಅದಕ್ಕಿಂತ ಸಣ್ಣದಿರಬೇಕು. ಅಲಾಯ್ ಗಾಲಿಯ ಅಂಚಿನ ತರಚು ಸುತ್ತಲೂ ಸೇರಿ 50 ಮಿ.ಮೀ. ದಾಟಬಾರದು. ಇಲ್ಲಿ ಎಡಗಡೆ ಗಾಲಿಗಳೇ ಫುಟ್‌ಪಾತ್ ಕಲ್ಲಿಗೆ ಉಜ್ಜೋದು, ಆದ್ದರಿಂದ ಅವನ್ನ ಮೊದಲು ತೊಳೆದು, ಟೇಪು ಹಿಡಿದು ನೋಡ್ರಿ. ಟೈರಿನ ಸಂದಿಗೆ 20 ಪೆನ್ಸ್ ನಾಣ್ಯ ತೂರಿಸ್ರಿ. ನಾಣ್ಯದ ಹೊರಗಿನ ಪಟ್ಟಿ ಕಂಡ್ರೆ ಟೈರ್ ಕಾನೂನಿನ 1.6 ಮಿ.ಮೀ. ಮಟ್ಟದ ಹತ್ತಿರ ಸವೆದದೆ ಅಂತ ತಿಳ್ಕೊಂಡು ಅಂಗಡಿಯಲ್ಲಿ ಅಳೆಸ್ರಿ.

ಮಿತಿಯೊಳಗೆ ಇರೋ ಗಾಯಕ್ಕೆ ಒಂದು ಪೌಂಡೂ ಖರ್ಚು ಮಾಡಬ್ಯಾಡ್ರಿ. ಮಿತಿ ಮೀರಿದ್ದಕ್ಕೆ ಸಣ್ಣ ರಿಪೇರಿಯವರನ್ನ ಕರೆಸಿ ದರ ಕೇಳಿ, ಕಂಪನಿಯ ದರಪಟ್ಟಿ ಜೊತೆ ಹೋಲಿಸ್ರಿ. ಅಗ್ಗಕ್ಕೆ ಬಳಿಸಿದ ಬಣ್ಣ ಹೊಂದಿಕೆ ಆಗದಿದ್ರೆ ಅದಕ್ಕೂ ಬಿಲ್ ಹಾಕ್ತಾರೆ, ಆಗ ಎರಡು ಸಲ ಖರ್ಚು.

ನಮ್ಮ ಗಾಡಿಗಳಿಗೆ ವಿಶೇಷವಾಗಿ ಬರೋ ತೊಂದರೆಯೂ ಒಂದೆರಡು ಇದ್ದಾವೆ. ಡ್ಯಾಶ್‌ಬೋರ್ಡಿಗೆ ಅಂಟಿಸಿದ ದೇವರ ಮೂರ್ತಿಯನ್ನ ಜಗ್ಗಿ ಕೀಳಬ್ಯಾಡ್ರಿ, ಪ್ಲಾಸ್ಟಿಕ್ ಎದ್ದು ಬರ್ತದೆ. ಹೇರ್ ಡ್ರೈಯರಿನಿಂದ ಅಂಟು ಬೆಚ್ಚಗೆ ಮಾಡಿ, ಗಟ್ಟಿ ದಾರವನ್ನ ಮೂರ್ತಿಯ ಬುಡದಲ್ಲಿ ಗರಗಸದಂಗೆ ಎಳೆದು ಬಿಡಿಸ್ರಿ. ಆಯುಧ ಪೂಜೆಯ ಅರಿಶಿನ ಬಿಳಿ ಬಣ್ಣದ ಮೇಲೆ ಕಲೆ ಬಿಟ್ಟಿದ್ರೆ ಬಿಸಿಲಿಗೆ ಮಂಕಾಗ್ತದೆ, ಆದ್ರೆ ಇಲ್ಲಿಯ ಚಳಿಗಾಲದಾಗ ಕಾಯೋಕಾಗಲ್ಲ, ಪಾಲಿಶ್ ಮಾಡಿಸ್ರಿ. ಊದಿನಕಡ್ಡಿ ಸುಟ್ಟ ತೂತನ್ನ ಸಹಜ ಸವಕಳಿ ಅಂತ ಒಪ್ಪಲ್ಲ, ಬಿಲ್ ಹಾಕ್ತಾರೆ. ಸೀಟಿನ ಮೇಲಿನ ಉಪ್ಪಿನಕಾಯಿ ಎಣ್ಣೆಗೂ ಇದೇ ಮಾತು, ಆದ್ರೆ ಅದನ್ನ ಒಳಗಿನ ಕ್ಲೀನಿಂಗಿನವರು ತೆಗೀತಾರೆ.

ಎರಡೂ ಕೀಲಿ, ಸರ್ವಿಸ್ ದಾಖಲೆ, ಕೈಪಿಡಿ, ಗಾಲಿಯ ಲಾಕಿಂಗ್ ನಟ್ಟಿನ ಕೀಲಿ, ಕರೆಂಟ್ ಗಾಡಿ ಇದ್ರೆ ಚಾರ್ಜಿಂಗ್ ಕೇಬಲ್, ಇಷ್ಟೂ ಮನೇಲಿ ಹುಡುಕಿ ಒಂದು ಚೀಲದಾಗ ಹಾಕಿಡ್ರಿ. ಎರಡನೇ ಕೀಲಿ ಕಳೆದಿದ್ದು ಕೊನೇ ದಿನ ಗೊತ್ತಾದ್ರೆ ಬಿಲ್ ದೊಡ್ಡದು. ಸ್ವಂತ ನಂಬರ್ ಪ್ಲೇಟ್ ಹಾಕಿಸಿದ್ದವರು ಅದನ್ನ ವಾರಗಳ ಮುಂಚೆಯೇ ಇಲ್ಲಿಯ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎ ಮೂಲಕ ತೆಗೆದಿಡ್ರಿ, ಶುಲ್ಕ 80 ಪೌಂಡ್. ಗಾಡಿ ಕೊಟ್ಟ ಮೇಲೆ ನಂಬರೂ ಅದರ ಜೊತೆ ಹೋಗ್ತದೆ.

ಗಾಡಿ ಕೊಡೋ ದಿನ

ಕರಾರು ಮುಗಿಯೋ ದಿನ ನೀವು ಊರಲ್ಲಿ, ಶರಣಬಸವೇಶ್ವರ ಜಾತ್ರೆಗೋ ಬಂದೇನವಾಜ್ ಉರುಸಿಗೋ ಹೋಗಿರಬಾರದು. ಟಿಕೆಟ್ ತೆಗೆಸೋ ಮುಂಚೆ ಆ ತಾರೀಖು ನೋಡ್ರಿ. ವಾಪಸ್ ಕೊಡ್ತೀವಿ ಅಂತ ತಿಳಿಸದಿದ್ರೆ ಕೆಲವು ಕಂಪನಿಗಳು ಬಲೂನ್ ಮೊತ್ತವನ್ನೇ ಡೈರೆಕ್ಟ್ ಡೆಬಿಟ್ ಮೂಲಕ ಎಳೀತಾವೆ. ಹಾಗಂತ ಕೊನೇ ಕಿಸ್ತಿಗೆ ಮುಂಚೆ ಡೈರೆಕ್ಟ್ ಡೆಬಿಟ್ ನಿಲ್ಲಿಸಿದ್ರೆ ಕಿಸ್ತು ತಪ್ಪಿದ ಲೆಕ್ಕ. ಇಮೇಲ್ ಮಾಡಿ ತಿಳಿಸಿ, ಉತ್ತರ ಕೈಗೆ ಬಂದ ಮೇಲೆ ನಿಶ್ಚಿಂತೆಯಿಂದ ಇರ್ರಿ.

ಗಾಡಿ ತೊಳೆದು ಒಣಗಿರಬೇಕು, ಹಗಲಿನ ಬೆಳಕು ಇರಬೇಕು. ನೀರಿನ ಹನಿ ಕೆಳಗೆ ಗೀರು ಕಾಣಲ್ಲ, ಆಮೇಲೆ ಡಿಪೋದಲ್ಲಿ ಕಾಣ್ತದೆ, ಯಾವಾಗ ಆಯ್ತು ಅನ್ನೋದಕ್ಕೆ ನಿಮ್ಮ ಹತ್ತಿರ ಪುರಾವೆ ಇರಲ್ಲ. ಪ್ರತಿ ಪ್ಯಾನೆಲ್, ನಾಲ್ಕೂ ಗಾಲಿ, ಚಾವಣಿ, ಗಾಜು, ಸೀಟು, ಎಚ್ಚರಿಕೆ ದೀಪ ಯಾವುದೂ ಉರೀತಿಲ್ಲ ಅನ್ನೋದು, ಮೈಲಿ ಮೀಟರ್, ಎಲ್ಲದರ ಫೋಟೋ ತೆಗೆದು, ಗಾಡಿ ಸುತ್ತ ಒಂದು ವಿಡಿಯೋನೂ ಮಾಡ್ರಿ. ಬಂದವರು ಟ್ಯಾಬ್ಲೆಟ್ಟಿನಲ್ಲಿ ಗುರುತು ಹಾಕ್ತಾರೆ. ಓದದೆ ಸಹಿ ಹಾಕಬ್ಯಾಡ್ರಿ. ಒಪ್ಪದಿದ್ದದ್ದನ್ನ "ಒಪ್ಪಿಗೆ ಇಲ್ಲ" ಅಂತ ಅಲ್ಲೇ ಬರೆಸಿ ಪ್ರತಿ ತಗೋರಿ.

ಗಾಡಿಯ ಸ್ಕ್ರೀನಿನಿಂದ ನಿಮ್ಮ ಫೋನು, ಮನೆ ವಿಳಾಸ ಅಳಿಸ್ರಿ. ಲಂಡನ್ನಿನ ರಸ್ತೆ ಶುಲ್ಕದ ಆಟೋ ಪೇ, ಡಾರ್ಟ್‌ಫರ್ಡ್ ದಾಟೋ ಶುಲ್ಕದ ಡಾರ್ಟ್ ಚಾರ್ಜ್ ಖಾತೆಯಲ್ಲಿ ಆ ನಂಬರ್ ಇದ್ರೆ ತೆಗೀರಿ, ಇಲ್ಲಂದ್ರೆ ಮುಂದಿನವರ ಪ್ರಯಾಣಕ್ಕೆ ನಿಮ್ಮ ಖಾತೆಯಿಂದ ರೊಕ್ಕ ಹೋಗ್ತದೆ. ಲಾಗ್‌ಬುಕ್ಕಿನ 11 ಅಂಕಿಯ ಸಂಖ್ಯೆಯನ್ನ ಒಪ್ಪಿಸೋ ಮುಂಚೆ ಬರ್ಕೊಂಡು, ಅದೇ ದಿನ ಡಿವಿಎಲ್‌ಎಗೆ ಆನ್‌ಲೈನಿನಲ್ಲಿ ತಿಳಿಸ್ರಿ. ತಿಳಿಸದಿದ್ರೆ 1,000 ಪೌಂಡ್ ತನಕ ದಂಡ ಆಗಬಹುದು. ತಿಳಿಸಿದ್ರೆ ಉಳಿದ ಪೂರ್ಣ ತಿಂಗಳುಗಳ ರೋಡ್ ಟ್ಯಾಕ್ಸ್ ಚೆಕ್ ಆಗಿ ಲಾಗ್‌ಬುಕ್ಕಿನ ವಿಳಾಸಕ್ಕೆ ಬರ್ತದೆ. ಇನ್ಶೂರೆನ್ಸ್ ಮಾತ್ರ ಗಾಡಿ ಕೈಬಿಟ್ಟ ಮೇಲೆಯೇ ರದ್ದು ಮಾಡ್ರಿ, ನೋ ಕ್ಲೈಮ್ ಪತ್ರ ಕೇಳಿ ಇಟ್ಕೋರಿ.

ಹಾನಿಯ ಬಿಲ್ ಕೆಲವು ವಾರ ಬಿಟ್ಟೂ ಬರಬಹುದು. ಊರಿಗೆ ಹೊರಟವರು ಅಷ್ಟರೊಳಗೆ ಇಲ್ಲಿಯ ಬ್ಯಾಂಕ್ ಖಾತೆ ಮುಚ್ಚಬ್ಯಾಡ್ರಿ, ಇಮೇಲ್ ನೋಡ್ತಾ ಇರ್ರಿ. ಬಿಲ್ ನ್ಯಾಯ ಅನಿಸದಿದ್ರೆ ಫೋಟೋ ಸಮೇತ ಕಂಪನಿಗೆ ಲಿಖಿತ ದೂರು ಕೊಡ್ರಿ. ಎಂಟು ವಾರದಾಗ ಉತ್ತರ ಬರಲಿಲ್ಲ ಅಥವಾ ಬಂದ ಉತ್ತರ ಒಪ್ಪಿಗೆ ಆಗಲಿಲ್ಲ ಅಂದ್ರೆ ಹಣಕಾಸು ಕಂಪನಿಗಳ ಮೇಲಿನ ದೂರು ಬಗೆಹರಿಸೋ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಸರ್ವಿಸಿಗೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿಯ ಅಂತಿಮ ಉತ್ತರ ಬಂದ ದಿನದಿಂದ ಆರು ತಿಂಗಳ ಒಳಗೆ ಹೋಗಬೇಕು ಅಷ್ಟೇ.