ಅಜ್ಜಿಯ ಜಾತಕದಿಂದ ಜನ್ಮದಿನ ತೆಗೆಯುವುದು ಹೇಗೆ?

ವಂಶವೃಕ್ಷ ಬರೆಯಲು ಕೂತವರು ಹೆಸರುಗಳಲ್ಲಿ ಎಡವುವುದು ಕಡಿಮೆ, ಎಡವುವುದೆಲ್ಲ ಇಸವಿಯಲ್ಲಿ. ನನ್ನ ಸೋದರತ್ತೆಗೆ 80 ತುಂಬಿತೆಂದು ನಾವು ಒಂದು ವರ್ಷ ಮೊದಲೇ ಶಾಂತಿ ಮಾಡಿಸಿದ್ದೆವು. ಜಾತಕದಲ್ಲಿ ‘ಬಹುಧಾನ್ಯ ಸಂವತ್ಸರ, ಮಾಘ ಮಾಸ’ ಎಂದಿತ್ತು. ಬಹುಧಾನ್ಯ ಅಂದರೆ 1938 ಎಂದು ಯಾರೋ ಹೇಳಿದರು, ಎಲ್ಲರೂ ಒಪ್ಪಿದರು. ಆದರೆ ಆ ಸಂವತ್ಸರದ ಮಾಘ ಬಂದದ್ದು 1939ರಲ್ಲಿ. ಅಂದಿನಿಂದ ಎಷ್ಟೋ ಮನೆಗಳ ವಂಶಾವಳಿಯಲ್ಲಿ ಇದೇ ತಪ್ಪನ್ನು ನೋಡಿದ್ದೇನೆ.

1. ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿ. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಹುಟ್ಟಿದ ಗಳಿಗೆ, ಒಂದನ್ನೂ ಬಿಡಬೇಡಿ. ಅಕ್ಷರ ಗುರುತಾಗದ ಕಡೆ ಜಾಗ ಖಾಲಿ ಇರಲಿ, ಊಹಿಸಿ ತುಂಬಬೇಡಿ. ಬೆಳಗಾವಿ, ಧಾರವಾಡ ಕಡೆಯ ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ, ಬೀದರ್, ಕಲಬುರಗಿ ಕಡೆಯದು ಉರ್ದುವಿನಲ್ಲಿದ್ದರೆ, ಓದಬಲ್ಲ ಹಿರಿಯರ ಬಳಿ ಈ ತಿಂಗಳೇ ಹೋಗಿ. ಅಂಥವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

2. ಸಂವತ್ಸರವನ್ನು ಇಸವಿಗೆ ತನ್ನಿ. ತಾಳ್ಮೆ ಬೇಕಾದದ್ದು ಇಲ್ಲೇ. ಸಂವತ್ಸರ ಚಕ್ರ 60 ವರ್ಷಕ್ಕೊಮ್ಮೆ ತಿರುಗುತ್ತದೆ. ನಮ್ಮ ಲೆಕ್ಕದಲ್ಲಿ ಚಕ್ರದ ಮೊದಲ ಸಂವತ್ಸರ ಪ್ರಭವ ಬಂದದ್ದು 1867, 1927, 1987ರ ಯುಗಾದಿಗೆ. ಅಲ್ಲಿಂದ ಎಣಿಸುತ್ತ ಬನ್ನಿ. ಜಾಲತಾಣಗಳ ಪಟ್ಟಿ ನೋಡುವುದಾದರೆ ಎಚ್ಚರ: ಉತ್ತರ ಭಾರತದ ಪಂಚಾಂಗದಲ್ಲಿ ಅದೇ ವರ್ಷಕ್ಕೆ ಬೇರೆ ಸಂವತ್ಸರದ ಹೆಸರಿರುತ್ತದೆ. ಜನವರಿ 1ರಿಂದಲೇ ಸಂವತ್ಸರ ಶುರುವಾಯಿತೆಂದು ತೋರಿಸುವ ಆ್ಯಪ್ ಇದ್ದರೆ ಫೋನಿನಿಂದ ತೆಗೆದುಹಾಕಿ.

ಹೆಸರು ಓದುವಾಗಲೇ ಮೋಸ ಹೋಗುವುದುಂಟು. ಪ್ರಮಾಥಿ 1939, ಪ್ರಮಾದೀಚ 1973. ವಿಕ್ರಮ 1940, ವಿಕೃತಿ 1950, ವಿಕಾರಿ 1959. ಕ್ರೋಧಿ 1964, ಕ್ರೋಧನ 1985. ಮಾಸಿದ ಕಾಗದದಲ್ಲಿ ಒಂದು ಒತ್ತಕ್ಷರ ಹೋದರೆ ಅಜ್ಜನ ವಯಸ್ಸು ಹತ್ತಿಪ್ಪತ್ತು ವರ್ಷ ಆಚೀಚೆ ಆಗುತ್ತದೆ. ಯಾವ ಸುತ್ತಿನ ಸಂವತ್ಸರ ಎಂಬ ಅನುಮಾನ ಬಂದರೆ ಅಣ್ಣತಮ್ಮಂದಿರ, ಮೊದಲ ಮಗುವಿನ ವಯಸ್ಸು ಕೇಳಿ. ಶಾಲಿವಾಹನ ಶಕವರ್ಷ ಬರೆದಿದ್ದರೆ ನಿಮ್ಮ ಪುಣ್ಯ, 78 ಕೂಡಿಸಿದರೆ ಸಂವತ್ಸರ ಶುರುವಾದ ಇಸವಿ ಸಿಗುತ್ತದೆ.

ಈಗ ಮಾಸ. ಯುಗಾದಿಯಿಂದ ಕಾರ್ತಿಕದವರೆಗೆ ಅದೇ ಇಸವಿ. ಮಾಘ, ಫಾಲ್ಗುಣ ಅಂದರೆ ಮುಂದಿನ ಇಸವಿ. ಮಾರ್ಗಶಿರದ ಬಹುಳ (ಕೃಷ್ಣಪಕ್ಷ) ಮತ್ತು ಪುಷ್ಯ ಮಾಸ ಎರಡೂ ಇಸವಿಗಳಲ್ಲಿ ಬೀಳಬಹುದು, ಆ ವರ್ಷದ ಪಂಚಾಂಗ ತೆರೆಯದೆ ಬರೆಯಬೇಡಿ. ತುಳುನಾಡಿನ ಮನೆಗಳಲ್ಲಿ ಪಗ್ಗು, ಬೇಶ ಎಂಬ ತಿಂಗಳಿದ್ದರೆ ಅದು ಸೂರ್ಯನ ಚಲನೆಯ ಮೇಲೆ ಎಣಿಸುವ ಸೌರಮಾನ, ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಕೊನೆಯದು ವಾರ, ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ನಮ್ಮ ಹಿರಿಯರಿಗೆ ದಿನ ಶುರುವಾಗುತ್ತಿದ್ದದ್ದು ಸೂರ್ಯೋದಯಕ್ಕೆ. ನಸುಕಿನ 3 ಗಂಟೆಗೆ ಹುಟ್ಟಿದ ಮಗುವಿಗೆ ಜಾತಕದಲ್ಲಿ ಮಂಗಳವಾರ ಎಂದಿದ್ದರೆ ಇಂಗ್ಲಿಷ್ ತಾರೀಖು ಬುಧವಾರದ್ದು. ತಿಥಿ, ವಾರ, ನಕ್ಷತ್ರ ಮೂರೂ ಪಂಚಾಂಗಕ್ಕೆ ಕೂಡಿಬಂದರೆ ಮಾತ್ರ ಆ ತಾರೀಖನ್ನು ನಂಬಿ.

3. ಶಾಲೆಯ ದಾಖಲೆಯನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ, ತೀರ್ಪಾಗಿ ಅಲ್ಲ. ‘1 ಜೂನ್’ ಕಂಡರೆ ಮೇಷ್ಟ್ರು ಸೇರಿಸಿಕೊಳ್ಳುವಾಗ ಬರೆದ ತಾರೀಖು ಎಂದೇ ಮೊದಲು ಅನುಮಾನಿಸಿ.

4. ಜಾತಕವೇ ಇಲ್ಲದಿದ್ದರೆ ನೆನಪನ್ನು ಘಟನೆಗೆ ಕಟ್ಟಿ. “ಯಾವ ಇಸವಿ ಅಜ್ಜಿ?” ಎಂದು ಕೇಳಿದರೆ ಉತ್ತರ ಬರುವುದಿಲ್ಲ. “ಹಳೇ ಆಣೆ ಹೋಗಿ ನಯಾಪೈಸೆ ಬಂದಾಗ ನಿಮಗೆ ಮದುವೆ ಆಗಿತ್ತಾ?” ಎಂದರೆ ಬರುತ್ತದೆ, ಅದು 1957ರ ಏಪ್ರಿಲ್. ಇನ್ನೂ ಹಿಂದಿನ ತಲೆಮಾರಿನ ಮಾತಾದರೆ ಬೆಂಗಳೂರಿನ ಪ್ಲೇಗು 1898, ಧಾತು-ಈಶ್ವರ ಸಂವತ್ಸರಗಳ ಬರ 1876-78. ಉತ್ತರ ಕರ್ನಾಟಕದವರಾದರೆ ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರೇ ಎಂದು ವಿಚಾರಿಸಿ. ಎತ್ತಿನ ಜೊತೆ ಬಂದು ತಲೆತಲಾಂತರದ ಹೆಸರುಗಳನ್ನು ಹೇಳುವ ವಂಶಾವಳಿಗಾರರು ಅವರು. ಬಂದಾಗ ಕೂರಿಸಿ, ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಕಾಳುಕಡಿ, ಕಾಣಿಕೆ ಕೈತುಂಬ ಕೊಡಿ.

5. ಕಾಗದ ಉಳಿಸಿ. ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲು ಆಗುವುದಿಲ್ಲ. ಹರಿದ ಮಡಿಕೆಗೆ ಸೆಲ್ಲೋ ಟೇಪೂ ಬೇಡ, ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಮಡಿಕೆ ಬಿಡಿಸಿ, ಕಿಟಕಿಯ ಹಿತವಾದ ಬೆಳಕಿನಲ್ಲಿ ಫ್ಲಾಶ್ ಇಲ್ಲದೆ ಫೋಟೊ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಚಿತ್ರವಾಗಿ ಕಳಿಸಿದರೆ ಸಣ್ಣ ಅಕ್ಷರ ಕಲಸಿಹೋಗುತ್ತದೆ. ಮೂಲವನ್ನು ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ ಗೋಡೆಯಿಂದ ದೂರ, ನೆಲದಿಂದ ಎತ್ತರದಲ್ಲಿಡಿ. ಅಟ್ಟ ಬೇಡ, ದೇವರ ಮನೆಯೂ ಬೇಡ. ದೀಪದ ಎಣ್ಣೆ, ಹೊಗೆ ಕಾಗದಕ್ಕೆ ಶತ್ರು. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿದ ಕೂಡಲೇ ಒಮ್ಮೆ ಬಿಚ್ಚಿ, ನೆರಳಲ್ಲಿ ಗಾಳಿಯಾಡಿಸಿ.

ತಾಳೆಗರಿ ಸಿಕ್ಕರೆ ನೀವೇ ಎಣ್ಣೆ ಹಚ್ಚಲು ಹೋಗಬೇಡಿ, ಹಸ್ತಪ್ರತಿ ವಿಭಾಗವಿರುವ ವಿಶ್ವವಿದ್ಯಾಲಯದವರಿಗೆ ಮೊದಲು ತೋರಿಸಿ.

ನಿಮ್ಮ ವಂಶಾವಳಿಯ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಸಾಲು ಇರಲಿ: ಮೇಲೆ ಜಾತಕದ ಮಾತು, ಕೆಳಗೆ ನೀವು ತೆಗೆದ ತಾರೀಖು. ಕೆಳಗಿನದನ್ನು ಪೆನ್ಸಿಲ್‌ನಲ್ಲೇ ಬರೆಯಿರಿ.